ಪುಣೆಯಲ್ಲಿದ್ದುಕೊಂಡೇ ಕಲ್ಲಾದ ಪೈನ್ ಮರ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮರ ಎದ್ದು ಓಡುವುದಿಲ್ಲ. ಬರ ಬಂದರೂ ಅಲ್ಲೇ, ಕಾಡಿಗೆ ಬೆಂಕಿ ಬಿದ್ದರೂ ಅಲ್ಲೇ. ಹಾಗಾಗಿ ಕೋಟ್ಯಂತರ ವರ್ಷ ಹಿಂದೆ ಒಂದು ಜಾಗದ ಮಳೆ, ಚಳಿ, ಬಿಸಿಲು ಹೇಗಿತ್ತು ಅಂತ ಕೇಳಬೇಕಾದರೆ ಕಲ್ಲಾದ ಮರದಂಥ ಸಾಕ್ಷಿ ಸಿಗುವುದು ಕಷ್ಟ. ಅದರಲ್ಲೂ ಪೈನ್ ಮತ್ತು ಅದರ ಬಳಗದ ಸೂಚಿಪರ್ಣಿ ಮರಗಳು (ದೇವದಾರು, ಸ್ಪ್ರೂಸ್, ಅರಕೇರಿಯಾ, ಪೊಡೊಕಾರ್ಪಸ್) ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಕಟ್ಟಿಗೆಯ ಒಳರಚನೆ ಸರಳ, ಉಂಗುರ ಸ್ಪಷ್ಟ, ಹಲವು ಜಾತಿಗಳಲ್ಲಿ ರಾಳ ತುಂಬಿರುವುದರಿಂದ ಬೇಗ ಕೊಳೆಯುವುದೂ ಇಲ್ಲ.

ಪುಣೆ, ಪಿಂಪ್ರಿ ಕಡೆ ಭಾನುವಾರ ಸಹ್ಯಾದ್ರಿ ಹತ್ತುವ ನಮ್ಮ ಕನ್ನಡದ ಹುಡುಗರು ಆಗಾಗ ಫೋಟೋ ಕಳಿಸಿ "ಇದು ಮರದ ಪಳೆಯುಳಿಕೆನಾ ಸರ್?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಪೂರ್ತಿ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ಪ್ರಶ್ನೆಗಳ ಕ್ರಮ ತಪ್ಪಬಾರದು. ಇದು ಮರವೇ? ಸೂಚಿಪರ್ಣಿಯೇ? ಅದರಲ್ಲಿ ಪೈನೇ? ಇಲ್ಲೇ ಬೆಳೆದದ್ದೋ, ಎಲ್ಲಿಂದಲೋ ತೇಲಿ ಬಂದದ್ದೋ? ಇಷ್ಟಕ್ಕೂ ಉತ್ತರ ಸಿಕ್ಕಮೇಲೆ ಹವಾಮಾನದ ಮಾತು. ಜಾಸ್ತಿ ಜನ ನೇರವಾಗಿ ಕೊನೆಯ ಪ್ರಶ್ನೆಗೆ ಹಾರುತ್ತಾರೆ, ಅಲ್ಲೇ ಎಲ್ಲ ಕೆಡುತ್ತದೆ.

ಮೊದಲೇ ತಿಳಿದಿರಬೇಕಾದದ್ದು: ನಮ್ಮ ಗುಡ್ಡಗಳಲ್ಲಿ ಪೈನ್ ಯಾಕಿಲ್ಲ

ವೇತಾಳ ಟೇಕಡಿ, ಸಿಂಹಗಡ, ಕಾತ್ರಜ್ ಎಲ್ಲೇ ಹೋದರೂ ನಿಮ್ಮ ಕಾಲಡಿ ಇರುವುದು ದಖ್ಖನ್ನಿನ ಲಾವಾ. ಸುಮಾರು 6.6 ಕೋಟಿ ವರ್ಷ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟ್. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಸಾವಿರ ಡಿಗ್ರಿ ದಾಟಿದ ಲಾವಾದೊಳಗೆ ಗಿಡಮರ ಉಳಿಯುವುದು ತೀರಾ ಅಪರೂಪ. ಆದರೆ ಒಂದು ಲಾವಾ ಹರಿದು ಇನ್ನೊಂದು ಹರಿಯುವ ನಡುವೆ ಸಾಕಷ್ಟು ಕಾಲ ಕಳೆದ ಕಡೆ ಕೆರೆಗಳಾದವು, ಕೆಸರು ತುಂಬಿತು, ಗಿಡ ಬೆಳೆಯಿತು. ಆ ತೆಳ್ಳನೆಯ ಕೆಸರಿನ ಪದರಗಳನ್ನು ಇಂಟರ್‌ಟ್ರಾಪಿಯನ್ ಅನ್ನುತ್ತಾರೆ. ಪಳೆಯುಳಿಕೆ ಸಿಗುವುದು ಅಲ್ಲಿ.

ಮುಂಬೈನ ವರ್ಳಿ, ಮಲಬಾರ್ ಹಿಲ್ ಕಡೆ ಇಂಥ ಪದರದಲ್ಲಿ ಪುಟ್ಟ ಕಪ್ಪೆಗಳು ಸಿಕ್ಕಿದ್ದು 19ನೇ ಶತಮಾನದಲ್ಲಿ. ಮರಗಳ ವಿಷಯಕ್ಕೆ ಬಂದರೆ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೋಹಗಾಂವ್ ಕಲಾನ್, ಡಿಂಡೋರಿ ಜಿಲ್ಲೆಯ ಘುಘುವಾ ಇವೇ ದೊಡ್ಡ ಹೆಸರುಗಳು. ಅಲ್ಲಿ ತಾಳೆ ಜಾತಿಯ ಮರಗಳು ರಾಶಿ ರಾಶಿ. ಮೋಹಗಾಂವ್ ಕಲಾನ್‌ನಿಂದ ಸೂಚಿಪರ್ಣಿಗಳ ಕಾಯಿಗಳೂ ವರದಿಯಾಗಿವೆ. ಆದರೂ ಒಟ್ಟು ಚಿತ್ರ ಬಿಸಿಯಾದ, ತೇವವಾದ ನಾಡಿನದ್ದು.

ಪೈನಸ್ ಕುಲ ಮೂಲದಲ್ಲಿ ಉತ್ತರ ಗೋಳಾರ್ಧದ್ದು. ದಖ್ಖನ್ನಿನ ಲಾವಾ ಹರಿಯುವಾಗ ಭಾರತ ಸಮಭಾಜಕದ ದಕ್ಷಿಣಕ್ಕೆ, ಸಮುದ್ರದ ನಡುವೆ, ಏಷ್ಯಾಕ್ಕೆ ಅಂಟದೆ ಇತ್ತು. ಚೀರ್, ನೀಲಿ ಪೈನ್, ಚಿಲ್ಗೋಜಾ, ಖಾಸಿ ಪೈನ್ ಇವೆಲ್ಲ ಇವತ್ತಿಗೂ ಹಿಮಾಲಯ ಮತ್ತು ಈಶಾನ್ಯದಲ್ಲೇ ಇವೆ, ದಕ್ಷಿಣಕ್ಕೆ ತಾವಾಗಿ ಬಂದಿಲ್ಲ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಸೂಚಿಪರ್ಣಿ ಒಂದೇ ಒಂದು, ಪೊಡೊಕಾರ್ಪಸ್ ಬಳಗದ ನಾಗೇಯಾ ವಾಲಿಚಿಯಾನಾ. ಅಂದರೆ ಒಂದು ಜಾಗದಲ್ಲಿ ಪೈನ್ ಇಲ್ಲದಿರುವುದು ಕೂಡ ಒಂದು ಮಾಹಿತಿ. ಆ ಕಾಲದಲ್ಲಿ ಯಾವ ನೆಲ ಯಾವ ನೆಲಕ್ಕೆ ಸೇರಿಕೊಂಡಿತ್ತು ಅನ್ನುವುದನ್ನು ಅದು ಹೇಳುತ್ತದೆ.

ಹಂತ 1: ಸತ್ತ ಪೈನ್‌ಗೆ ಮುಂಚೆ ಹೊಸ ಪೈನ್ ನೋಡಿ

ಪೈನ್ ಕಾಡು ದೂರ, ನಿಜ. ಪೈನ್ ಕಟ್ಟಿಗೆ ಮಾತ್ರ ಪುಣೆಯಲ್ಲಿ ಬೇಕಾದಷ್ಟು ಬಿದ್ದಿದೆ. ಭೋಸರಿ, ಚಾಕಣ್ ಕಾರ್ಖಾನೆಗಳಿಗೆ ಹೊರದೇಶದಿಂದ ಯಂತ್ರ ಬರುವುದು ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಲ್ಲಿ. ಅವುಗಳಲ್ಲಿ ಪೈನ್ ಸಾಮಾನ್ಯ, ಸ್ಪ್ರೂಸ್ ಕೂಡ ಸಿಗುತ್ತದೆ. ಗುಜರಿಯವರ ಹತ್ತಿರ ಕೇಳಿದರೆ ಒಂದು ತುಂಡು ಕೊಡುತ್ತಾರೆ. ಭೋಸರಿಯ ಗುಜರಿ ಅಂಗಡಿಯ ಕಲಬುರಗಿ ಕಡೆಯ ಯಜಮಾನರೊಬ್ಬರು ನನ್ನನ್ನು ನೋಡಿ, "ಏನ್ರೀ ಸರ, ಒಲಿಗೆ ಹಾಕೂ ಕಟ್ಟಿಗ್ಯಾಗ ಏನ್ ಹುಡಕಾಕತ್ತೀರಿ?" ಅಂದರು. "ಈ ಮರ ಬೆಳೆದ ಊರಾಗ ಚಳಿ ಮಳಿ ಹೆಂಗಿತ್ತು ನೋಡಾಕತ್ತೀನ್ರೀ ಯಜಮಾನ್ರ" ಅಂದೆ. ಸುಮ್ನೆ ನಗಲಿಲ್ಲ ಅವರು. ಒಳಗಿನಿಂದ ಬೇರೆ ಬೇರೆ ಪೆಟ್ಟಿಗೆಗಳ ತುಂಡು ತಂದು ಮುಂದಿಟ್ಟರು, ಭೂತಗನ್ನಡಿಯಲ್ಲಿ ತಾವೂ ನೋಡಿದರು.

ಪೆಟ್ಟಿಗೆಯ ಮೇಲೆ ಸುಟ್ಟೋ ಅಚ್ಚು ಒತ್ತಿಯೋ ಹಾಕಿದ ಒಂದು ಮುದ್ರೆ ಇರುತ್ತದೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಆಮೇಲೆ ಉಪಚಾರದ ಗುರುತು. 'ಎಚ್‌ಟಿ' ಅಂತಿದ್ದರೆ ಕಟ್ಟಿಗೆಯನ್ನು ಬಿಸಿ ಮಾಡಿ ಹುಳ ಸಾಯಿಸಿದ್ದಾರೆ ಅಂತ ಅರ್ಥ, ಧೈರ್ಯವಾಗಿ ಕತ್ತರಿಸಬಹುದು. 'ಎಂಬಿ' ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಕಿದ್ದು. ಅಂಥದ್ದನ್ನು ಮನೆಗೆ ತರಬೇಡಿ.

ಈಗ ಕೈಯಲ್ಲಿ ಹಿಡಿದು ನೋಡುವ ಕೆಲಸ. ತುಂಡಿನ ಅಡ್ಡ ಕೊಯ್ತ, ಅಂದರೆ ಉಂಗುರ ಕಾಣುವ ತುದಿ, ಅದನ್ನು ಸ್ವಲ್ಪ ನೀರಲ್ಲಿ ನೆನೆಸಿ. ಹೊಸ ಕಟರ್ ಬ್ಲೇಡಿನಿಂದ ತೆಳ್ಳಗೆ ಒಂದು ಸೀಳು ತೆಗೆಯಿರಿ, ಬ್ಲೇಡ್ ಬೆರಳಿನಿಂದ ಆಚೆ ಹೋಗುವಂತೆ. ಮೇಲ್ಮೈ ನುಣ್ಣಗೆ ಆಗಬೇಕು, ಗರಗಸದ ಗೀರು ಉಳಿದರೆ ಏನೂ ಕಾಣುವುದಿಲ್ಲ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಕಟ್ಟಿಗೆಯನ್ನು ಕನ್ನಡಿಯ ಹತ್ತಿರಕ್ಕೆ ತನ್ನಿ. ಬೆಳಕು ಪಕ್ಕದಿಂದ ಬೀಳಲಿ.

ಮೊದಲು ಕಾಣುವುದು ಮಸುಕು ಬಣ್ಣದ ಅಗಲ ಪಟ್ಟಿ, ಅದರ ಪಕ್ಕ ಕಂದು ಬಣ್ಣದ ಕಿರಿದಾದ ಪಟ್ಟಿ. ಮಸುಕಿನದ್ದು ಋತುವಿನ ಮೊದಲಲ್ಲಿ ಬೆಳೆದ ಕಟ್ಟಿಗೆ, ಅಲ್ಲಿ ಜೀವಕೋಶ ದೊಡ್ಡದು, ಗೋಡೆ ತೆಳು. ಕಂದಿನದ್ದು ಋತು ಮುಗಿಯುವಾಗ ಬೆಳೆದದ್ದು, ಕೋಶ ಚಿಕ್ಕದು, ಗೋಡೆ ದಪ್ಪ. ಎರಡೂ ಸೇರಿ ಒಂದು ಉಂಗುರ. ಕಂದು ಪಟ್ಟಿಯ ಆಸುಪಾಸು ದಿಟ್ಟಿಸಿ ನೋಡಿ, ಸೂಜಿಮೊನೆಯಲ್ಲಿ ಚುಚ್ಚಿದಷ್ಟು ಸಣ್ಣ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಅವೇ ರಾಳದ ನಾಳಗಳು. ಒಮ್ಮೊಮ್ಮೆ ಒಳಗೆ ಒಣಗಿದ ರಾಳ ಮಿನುಗುವುದೂ ಕಾಣುತ್ತದೆ.

ಇದರ ಪಕ್ಕದಲ್ಲೇ ಒಂದು ತುಂಡು ಸಾಗುವಾನಿ ಇಟ್ಟುಕೊಳ್ಳಿ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಿ ಚೂರು ಸಿಗುತ್ತದೆ. ಸಾಗುವಾನಿಯ ಅಡ್ಡ ಕೊಯ್ತದಲ್ಲಿ ಬರಿಗಣ್ಣಿಗೇ ಕಾಣುವ ದೊಡ್ಡ ತೂತುಗಳು ಉಂಗುರದ ಮೊದಲಲ್ಲಿ ಸಾಲುಗಟ್ಟಿರುತ್ತವೆ. ಅವು ನೀರು ಸಾಗಿಸುವ ಕೊಳವೆಗಳು. ಪೈನ್‌ನಲ್ಲಿ ಅವು ಇಲ್ಲವೇ ಇಲ್ಲ. ಅದರ ಕಟ್ಟಿಗೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಒಂದೇ ಬಗೆಯ ಉದ್ದನೆಯ ಕೋಶ, ಟ್ರೇಕಿಡ್. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿದಂತೆ. ಮಾವು, ಹಲಸು, ಬೇವು ಎಲ್ಲದರ ತುಂಡುಗಳನ್ನೂ ಹೀಗೇ ನೋಡಿ. ಕಲ್ಲಿಗೆ ಹೋಗುವ ಮುನ್ನ ಕಣ್ಣು ಪಳಗಬೇಕು.

ಹಂತ 2: ಇದು ನಿಜಕ್ಕೂ ಮರವೇ?

ದಖ್ಖನ್ನಿನಲ್ಲಿ ಮರದ ವೇಷದ ಕಲ್ಲುಗಳು ವಿಪರೀತ. ಹರಿಯುವ ಲಾವಾದ ಮೇಲ್ಪದರ ಸುಕ್ಕುಗಟ್ಟಿ ಹಗ್ಗ ಸುತ್ತಿದಂತೆ ಆಗುತ್ತದೆ, ಸವೆದ ಮೇಲೆ ಅದು ಥೇಟ್ ಮರದ ತೊಗಟೆ. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದ ಕಂಬಗಳನ್ನು, ಅಂಧೇರಿಯ ಗಿಲ್ಬರ್ಟ್ ಹಿಲ್‌ನಲ್ಲಿ ಇರುವಂಥವನ್ನು, ಕಲ್ಲಾದ ಕಾಂಡ ಅಂತ ನಂಬುವವರಿದ್ದಾರೆ. ಪಟ್ಟೆಪಟ್ಟೆಯ ಅಗೇಟ್ ಕಲ್ಲು ಉಂಗುರದ ಭ್ರಮೆ ಹುಟ್ಟಿಸುತ್ತದೆ. ಬಸಾಲ್ಟಿನ ಪೊಟರೆಗಳಲ್ಲಿ ಬೆಳೆಯುವ ಝಿಯೋಲೈಟ್ ಹರಳಿನ ಎಳೆಗಳು ಕಟ್ಟಿಗೆಯ ನಾರಿನಂತೆ ಕಾಣುತ್ತವೆ.

ಪರೀಕ್ಷೆ ಹೀಗೆ. ಮರವನ್ನು ಯಾವ ಕಡೆಯಿಂದ ನೋಡಿದರೂ ಒಂದೇ ಥರ ಕಾಣುವುದಿಲ್ಲ, ಮೂರು ಮುಖಕ್ಕೆ ಮೂರು ರೂಪ: ಅಡ್ಡ ಕೊಯ್ತದಲ್ಲಿ ಉಂಗುರ, ತಿರುಳಿನಿಂದ ತೊಗಟೆಗೆ ಸೀಳಿದರೆ ಸಮಾನಾಂತರ ಗೆರೆ ಮತ್ತು ಅವನ್ನು ಅಡ್ಡ ಹಾಯುವ ಪಟ್ಟಿಗಳು (ಇವಕ್ಕೆ ಕಿರಣ ಅನ್ನುತ್ತಾರೆ), ತೊಗಟೆಯ ಸಮಕ್ಕೆ ಸೀಳಿದರೆ ಕದಿರಿನಾಕಾರದ ಪುಟ್ಟ ಗುರುತುಗಳು. ಅಗೇಟಿನ ಪಟ್ಟೆ ಪೊಟರೆಯ ಗೋಡೆಯನ್ನು ಹಿಂಬಾಲಿಸಿ ಸುತ್ತುತ್ತದೆ, ಅದಕ್ಕೆ ಈ ಮೂರು ಮುಖಗಳಿಲ್ಲ. ಝಿಯೋಲೈಟಿನ ಎಳೆ ಒಂದು ಬಿಂದುವಿನಿಂದ ಸುತ್ತ ಚೆಲ್ಲುತ್ತದೆ, ಮರದ ನಾರು ಉದ್ದಕ್ಕೆ ಹೋಗುತ್ತದೆ. ಗಾಜು ಗೀರಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸಿಲಿಕಾ (ಮರಳಿನಲ್ಲಿರುವ ಖನಿಜ) ತುಂಬಿದ ಮರ ಗಾಜನ್ನು ಗೀರುತ್ತದೆ, ಸರಿ, ಆದರೆ ಅಗೇಟ್ ಕೂಡ ಗೀರುತ್ತದೆ. ಹಾಗಾಗಿ ಅದೊಂದೇ ಸಾಲದು.

ಬಣ್ಣ ನೋಡಿ ಜಾತಿ ಹೇಳುವುದಂತೂ ಬೇಡ. ಕೆಂಪು, ಹಳದಿ ಬರುವುದು ಕಬ್ಬಿಣದಿಂದ, ಕಪ್ಪು ಬಹಳ ಸಲ ಮ್ಯಾಂಗನೀಸ್ ಇಲ್ಲವೇ ಉಳಿದ ಇಂಗಾಲದಿಂದ. ಮರ ಮಣ್ಣಿನಡಿ ಹೂತಾಗ ಸಿಲಿಕಾ ಕರಗಿದ ನೀರು ಕೋಶಗಳೊಳಗೆ ಇಳಿದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಆ ನೀರಲ್ಲಿ ಏನಿತ್ತೋ ಅದರ ಬಣ್ಣ ಬರುತ್ತದೆ, ಅಷ್ಟೇ.

ಹಂತ 3: ಸೂಚಿಪರ್ಣಿಯೇ, ಅದರಲ್ಲಿ ಪೈನೇ?

ಅಡ್ಡ ಕೊಯ್ತವನ್ನು ಒದ್ದೆ ಮಾಡಿ ಭೂತಗನ್ನಡಿಯಲ್ಲಿ ನೋಡಿ. ದೊಡ್ಡ ತೂತುಗಳಿದ್ದರೆ ಅದು ಹೂಬಿಡುವ ಮರ. ಎಲ್ಲ ಕೋಶ ಒಂದೇ ಅಳತೆಯವು, ನೇರ ಸಾಲಿನಲ್ಲಿ ನಿಂತಿವೆ ಅಂದರೆ ಸೂಚಿಪರ್ಣಿಯ ಸಾಧ್ಯತೆ ಜಾಸ್ತಿ. ಉಂಗುರಗಳಲ್ಲಿ ರಾಳದ ನಾಳ ಚದುರಿಕೊಂಡಿದ್ದರೆ ಪೈನ್ ಕುಟುಂಬದ ಕಡೆಗೆ ವಾಲಬಹುದು. ಒಂದು ಎಚ್ಚರ: ದೇವದಾರುವಿನಂಥ ಮರಗಳಲ್ಲಿ ಸಾಮಾನ್ಯವಾಗಿ ರಾಳದ ನಾಳ ಇರುವುದಿಲ್ಲ, ಗಾಯವಾದಾಗ ಮಾತ್ರ ಒಂದೇ ಉಂಗುರದಲ್ಲಿ ಒತ್ತೊತ್ತಾಗಿ ಸಾಲಾಗಿ ಮೂಡುತ್ತವೆ. ಚದುರಿದ ಚುಕ್ಕೆಗೂ ಸಾಲು ಚುಕ್ಕೆಗೂ ಅಜಗಜಾಂತರ. ಸಾಲು ಕಂಡರೆ ಆ ವರ್ಷ ಮರಕ್ಕೆ ಏನೋ ಪೆಟ್ಟು ಬಿದ್ದಿದೆ.

ಇದರ ಮುಂದಿನ ಕೆಲಸ ಸೂಕ್ಷ್ಮದರ್ಶಕದ್ದು. ಕಲ್ಲನ್ನು ವಜ್ರದ ಹಲ್ಲಿನ ಗರಗಸದಲ್ಲಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಯಲ್ಲಿ ಸುಮಾರು 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜಬೇಕು. ಮೂರು ಮುಖಕ್ಕೆ ಮೂರು ತೆಳುಪಟ್ಟಿ. ಹಳೆಯ ಕಾಲದಲ್ಲಿ ಇದಕ್ಕೆ ಬಳಸುತ್ತಿದ್ದ ಅಂಟು ಕೆನಡಾ ಬಾಲ್ಸಮ್, ಅದೂ ಫರ್ ಅನ್ನುವ ಸೂಚಿಪರ್ಣಿಯ ರಾಳವೇ. ಈ ಕೆಲಸ ಮನೆಯಲ್ಲಿ ಬೇಡ, ಭೂವಿಜ್ಞಾನ ವಿಭಾಗ ಇರುವ ಕಾಲೇಜಿನಲ್ಲಿ ಕೇಳಿಕೊಳ್ಳಿ. ಕಲ್ಲಿನ ಮೇಲ್ಮೈ ಕರಗಿಸಲು ಹೈಡ್ರೋಫ್ಲೋರಿಕ್ ಆಸಿಡ್ ಬಳಸುವ ವಿಧಾನವೂ ಒಂದಿದೆ. ಅದು ಚರ್ಮ ದಾಟಿ ಒಳಗಿಳಿದು ಜೀವ ತೆಗೆಯಬಲ್ಲ ಆಸಿಡ್. ಪ್ರಯೋಗಾಲಯದ ಹೊರಗೆ ಅದರ ಹೆಸರೂ ಎತ್ತಬೇಡಿ.

ತೆಳುಪಟ್ಟಿಯಲ್ಲಿ ನೋಡಬೇಕಾದದ್ದು ಟ್ರೇಕಿಡ್ ಗೋಡೆಯ ಗುಂಡಿಗಳನ್ನು. ಅರಕೇರಿಯಾ ಬಳಗದಲ್ಲಿ ಅವು ಒಂದಕ್ಕೊಂದು ಒತ್ತಿ, ಆರು ಮೂಲೆಯಾಗಿ, ಜೇನುಹುಟ್ಟಿನ ಕಣ್ಣುಗಳಂತೆ ಕೂತಿರುತ್ತವೆ. ಪೈನ್ ಕುಟುಂಬದಲ್ಲಿ ದುಂಡಗೆ, ಬಿಡಿಬಿಡಿಯಾಗಿ, ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ. ಅಡ್ಡ ಹಾಯುವ ಕಿರಣದ ಕೋಶಗಳು ಟ್ರೇಕಿಡ್‌ಗೆ ತಾಗುವಲ್ಲಿ ಕೆಲವು ಪೈನ್‌ಗಳಿಗೆ ಕಿಟಕಿಯಂಥ ಒಂದೇ ದೊಡ್ಡ ಗುಂಡಿ, ಇನ್ನು ಕೆಲವಕ್ಕೆ ಸಣ್ಣ ಗುಂಡಿಗಳ ಗುಂಪು. ಇಲ್ಲಿ ಅವಸರ ಮಾಡಬಾರದು. ಕಟ್ಟಿಗೆ, ಎಲೆ, ಕಾಯಿ ಬೇರೆ ಬೇರೆಯಾಗಿ ಸಿಗುವುದರಿಂದ ಕಟ್ಟಿಗೆ ಮಾತ್ರ ಸಿಕ್ಕಾಗ ಅದಕ್ಕೆ ಪಿನಕ್ಸಿಲಾನ್, ಅಗಾಥಾಕ್ಸಿಲಾನ್, ಪೊಡೊಕಾರ್ಪಾಕ್ಸಿಲಾನ್ ಅಂತ ಪ್ರತ್ಯೇಕ ಹೆಸರು ಕೊಡುತ್ತಾರೆ. ನೇರವಾಗಿ 'ಪೈನ್' ಅನ್ನುವುದಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಬೀರಬಲ್ ಸಾಹನಿ. ಲಖನೌದಲ್ಲಿ ಅವರ ಹೆಸರಿನ ಸಂಸ್ಥೆ ಇದೆ. ಅದರ ಅಡಿಗಲ್ಲನ್ನು ನೆಹರೂ 1949ರ ಏಪ್ರಿಲ್ 3ರಂದು ಇಟ್ಟರು, ಒಂದು ವಾರಕ್ಕೆ ಸಾಹನಿ ತೀರಿಕೊಂಡರು. ಆ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂರಿಸಿದ್ದಾರೆ.

ಹಂತ 4: ನಿಂತಲ್ಲೇ ಬೆಳೆದದ್ದೋ, ತೇಲಿ ಬಂದದ್ದೋ?

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಮತ್ತು ಎಲ್ಲರೂ ಹಾರಿಸಿಬಿಡುವ ಪ್ರಶ್ನೆ. ಬೆಟ್ಟದ ತುದಿಯಲ್ಲಿ ಬೆಳೆದ ಮರ ಪ್ರವಾಹಕ್ಕೆ ಸಿಕ್ಕಿ ಸಮುದ್ರದ ಕೆಸರಲ್ಲಿ ಹೂತಿದ್ದರೆ, ಅದರ ಉಂಗುರ ಹೇಳುವುದು ಬೆಟ್ಟದ ಕತೆ. ಸುತ್ತಲಿನ ಕಲ್ಲು ಹೇಳುವುದು ಸಮುದ್ರದ ಕತೆ. ಎರಡನ್ನೂ ಒಂದೇ ಜಾಗಕ್ಕೆ ಹಚ್ಚಿದರೆ ಪೂರ್ತಿ ತಪ್ಪು.

ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಸಾತನೂರಿನಲ್ಲಿ 18 ಮೀಟರಿಗೂ ಉದ್ದದ ಕಲ್ಲಾದ ಕಾಂಡ ಮಲಗಿದೆ, ಸೂಚಿಪರ್ಣಿಯದ್ದು, ಕ್ರಿಟೇಷಿಯಸ್ ಯುಗದ್ದು, ಅಂದರೆ ಡೈನೋಸಾರ್‌ಗಳ ಕೊನೆಯ ಕಾಲದ್ದು. 1940ರಲ್ಲಿ ಅದನ್ನು ಗುರುತಿಸಿದವರು ಎಂ. ಎಸ್. ಕೃಷ್ಣನ್. ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾದ ಮೊದಲ ಭಾರತೀಯ ಅವರೇ. ಸುತ್ತಲಿನ ಕಲ್ಲು ಸಮುದ್ರದಡಿ ಕೂತದ್ದು. ಅಂದರೆ ಮರ ನೆಲದಿಂದ ಕೊಚ್ಚಿಕೊಂಡು ಬಂದು ಆಗಿನ ಕರಾವಳಿಯಲ್ಲಿ ಹೂತಿದೆ. ವಿಳುಪ್ಪುರಂ ಜಿಲ್ಲೆಯ ತಿರುವಕ್ಕರೈನಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಕಾಂಡಗಳು ನೂರಾರು. ಅಲ್ಲಿ ಕೊಂಬೆ ಇಲ್ಲ, ಬೇರಿಲ್ಲ, ಎಲೆಯಿಲ್ಲ, ಬರೀ ಬೋಳು ಕಾಂಡ. ಹೊಳೆ ಉರುಳಿಸಿಕೊಂಡು ಬಂದು ಹಾಕಿದ್ದಕ್ಕೆ ಅದೇ ಸಾಕ್ಷಿ. ಅಲ್ಲಿ ಜಾಸ್ತಿ ಇರುವುದು ಹೂಬಿಡುವ ಮರಗಳು, ಜೊತೆಗೆ ಪೊಡೊಕಾರ್ಪಸ್ ಬಳಗದ ಸೂಚಿಪರ್ಣಿಯೂ ಇದೆ.

ಇದಕ್ಕೆ ತದ್ವಿರುದ್ಧ ಉದಾಹರಣೆ ಮುಂಬೈನದ್ದು. 1870ರ ದಶಕದಲ್ಲಿ ಪ್ರಿನ್ಸೆಸ್ ಡಾಕ್ ಅಗೆಯುವಾಗ ಸಮುದ್ರದ ಕೆಸರಿನಡಿ ನೂರಾರು ಮರಗಳು ಸಿಕ್ಕವು, ಬಹಳಷ್ಟು ನಿಂತ ಹಾಗೇ. ಪೈನ್ ಅಲ್ಲ, ನಮ್ಮ ಕಗ್ಗಲಿ, ಮರಾಠಿಯವರ ಖೈರ್. ಕಲ್ಲಾಗುವಷ್ಟು ಹಳೆಯದೂ ಅಲ್ಲ. ಆದರೆ ಪಾಠ ದೊಡ್ಡದು: ಒಣ ನೆಲದ ಮರ ನಿಂತ ಜಾಗದಲ್ಲೇ ಸಮುದ್ರಮಟ್ಟದ ಕೆಳಗೆ ಸಿಕ್ಕಿದೆ ಅಂದರೆ ಅಲ್ಲಿ ನೆಲ ಕುಸಿದಿರಬೇಕು ಇಲ್ಲವೇ ಸಮುದ್ರ ಏರಿರಬೇಕು.

ನೀವು ಬರೆದುಕೊಳ್ಳಬೇಕಾದದ್ದು ಇಷ್ಟು: ಕಾಂಡ ನಿಂತಿದೆಯೋ ಮಲಗಿದೆಯೋ, ಬೇರು ಕೆಳಗಿನ ಹಳೆಯ ಮಣ್ಣಿಗೆ ಇಳಿದಿದೆಯೋ, ತೊಗಟೆ ಉಳಿದಿದೆಯೋ ಸವೆದಿದೆಯೋ. ಮಲಗಿದ ಕಾಂಡ ಹಲವಿದ್ದರೆ ದಿಕ್ಸೂಚಿ ಇಟ್ಟು ಪ್ರತಿಯೊಂದರ ದಿಕ್ಕು ಬರೆಯಿರಿ. ಎಲ್ಲ ಒಂದೇ ಕಡೆ ಮುಖ ಮಾಡಿದ್ದರೆ ನೀರಿನ ಹರಿವನ್ನು ಮೊದಲು ಅನುಮಾನಿಸಿ.

ಹಂತ 5: ಉಂಗುರ ಓದುವುದು

ಇಲ್ಲಿಗೆ ಬಂದಮೇಲೆ ನಿಧಾನ ಮಾಡಿ. ಉಂಗುರ ಇದೆಯೋ ಇಲ್ಲವೋ ಅನ್ನುವುದೇ ಮೊದಲ ಮಾಹಿತಿ. ಸ್ಪಷ್ಟ ಉಂಗುರ ಇದ್ದರೆ ವರ್ಷದಲ್ಲಿ ಬೆಳವಣಿಗೆ ನಿಲ್ಲುವ ಒಂದು ಕಾಲ ಇತ್ತು, ಚಳಿಯೋ ಬರವೋ ಕತ್ತಲೆಯೋ. ಉಂಗುರ ಇಲ್ಲ ಅಥವಾ ತೀರಾ ಮಸುಕು ಅಂದರೆ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಥರ ಇದ್ದಿರಬಹುದು.

ಅಗಲವನ್ನು ಅಳೆಯಿರಿ. ಸತತ ಐದು ಉಂಗುರ 2.0, 1.2, 1.8, 2.2, 1.8 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅಕ್ಕಪಕ್ಕದ ಎರಡರ ವ್ಯತ್ಯಾಸವನ್ನು ಆ ಎರಡರ ಸರಾಸರಿಯಿಂದ ಭಾಗಿಸಿ. ಮೊದಲ ಜೋಡಿಗೆ 0.8 ಭಾಗಿಸು 1.6, ಅಂದರೆ 0.5. ಮುಂದಿನವು 0.4, 0.2, 0.2. ನಾಲ್ಕರ ಸರಾಸರಿ 0.325. ಇದಕ್ಕೆ ಸರಾಸರಿ ಸಂವೇದನೆ ಅನ್ನಬಹುದು. 0.3 ದಾಟಿದರೆ ಮರ ವರ್ಷದಿಂದ ವರ್ಷಕ್ಕೆ ಏರುಪೇರು ಅನುಭವಿಸಿದೆ, ಕೆಳಗಿದ್ದರೆ ಹಾಯಾಗಿ ಬೆಳೆದಿದೆ ಅಂತ ಸ್ಥೂಲವಾಗಿ ಲೆಕ್ಕ. ಐದು ಉಂಗುರ ಲೆಕ್ಕ ಕಲಿಯಲು ಮಾತ್ರ. ನಿಜವಾದ ಮಾತು ಹೇಳಲು ಹತ್ತಾರು ಉಂಗುರ, ಒಂದಕ್ಕಿಂತ ಹೆಚ್ಚು ಮರ ಬೇಕು. ಎಳೆಯ ಮರದ ಉಂಗುರ ಹೇಗೂ ಅಗಲ, ಕೊಂಬೆಯ ಉಂಗುರ ವಾಲಿದ ಕಡೆ ದಪ್ಪ. ಅವನ್ನು ಹವಾಮಾನದ ಲೆಕ್ಕಕ್ಕೆ ಸೇರಿಸಬೇಡಿ.

ಉಂಗುರದೊಳಗೂ ನೋಡಿ. ಮಸುಕು ಪಟ್ಟಿಯ ಮಧ್ಯೆ ಒಂದು ತೆಳು ಕಂದು ಗೆರೆ ಬಂದು ಮತ್ತೆ ನಿಧಾನಕ್ಕೆ ಮಸುಕಾದರೆ ಅದು ಸುಳ್ಳು ಉಂಗುರ, ನಡುವೆ ಒಂದಷ್ಟು ದಿನ ನೀರು ಸಿಗಲಿಲ್ಲ ಅಂತ. ಕೋಶಗಳು ಜಜ್ಜಿ ಸೊಟ್ಟಗಾಗಿದ್ದರೆ ಬೆಳೆಯುವ ಕಾಲದಲ್ಲಿ ಹಿಮ ಬಿದ್ದಿರಬಹುದು.

ಈಗ ಪುಣೆಯ ವಿಷಯಕ್ಕೆ ಬರೋಣ. ಇಲ್ಲಿನ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಉಂಗುರಗಳಿಂದ ಹಳೆಯ ಹವಾಮಾನ ತಿಳಿಯುವ ಕೆಲಸ ದಶಕಗಳಿಂದ ನಡೆದಿದೆ. ಅವರು ಕೇರಳದ ಸಾಗುವಾನಿ ಮರಗಳಿಂದ 1481ರವರೆಗೆ ಹಿಂದಕ್ಕೆ ಹೋಗುವ ಸರಣಿ ಕಟ್ಟಿದ್ದಾರೆ, ಅದರಲ್ಲಿ ಮುಂಗಾರು ಕೈಕೊಟ್ಟ ವರ್ಷಗಳ ಗುರುತು ಇದೆ. ಹಿಮಾಲಯದ ಸೂಚಿಪರ್ಣಿಗಳಲ್ಲಿ ಮುಖ್ಯವಾಗಿ ದಾಖಲಾಗುವುದು ಮುಂಗಾರಿಗೆ ಮುಂಚಿನ ಬೇಸಿಗೆ ತಿಂಗಳುಗಳು. ಯೋಚಿಸಿ ನೋಡಿ, ಒಂದೇ ದೇಶ, ಒಂದೇ ಮುಂಗಾರು, ಆದರೆ ಎರಡು ಮರ ವರ್ಷದ ಎರಡು ಬೇರೆ ತುಂಡುಗಳನ್ನು ಬರೆದಿಟ್ಟುಕೊಂಡಿವೆ. ಇದು ಗೊತ್ತಿದ್ದವರು ಕಲ್ಲಾದ ಪೈನ್‌ನ ಕಿರಿದಾದ ಉಂಗುರ ಕಂಡ ಕೂಡಲೇ 'ಆ ವರ್ಷ ಮಳೆ ಇರಲಿಲ್ಲ' ಅನ್ನುವುದಿಲ್ಲ. ಯಾವ ತಿಂಗಳ ನೀರು ಆ ಮರಕ್ಕೆ ಮುಖ್ಯವಾಗಿತ್ತು ಅಂತ ಮೊದಲು ಕೇಳುತ್ತಾರೆ.

ಕತ್ತಲೆಯ ವಿಷಯ ಹೇಳಿದೆನಲ್ಲ, ಅದಕ್ಕೊಂದು ಉದಾಹರಣೆ. ಕೆನಡಾದ ಆಕ್ಸೆಲ್ ಹೈಬರ್ಗ್ ದ್ವೀಪ ಉತ್ತರದ 80 ಡಿಗ್ರಿ ಅಕ್ಷಾಂಶದ ಹತ್ತಿರ ಇದೆ. ಅಲ್ಲಿ ಸುಮಾರು 4.5 ಕೋಟಿ ವರ್ಷ ಹಿಂದಿನ ಸೂಚಿಪರ್ಣಿ ಕಾಡು ಕಲ್ಲಾಗದೆ ಕಟ್ಟಿಗೆಯಾಗಿಯೇ ಉಳಿದಿದೆ, ಗರಗಸದಲ್ಲಿ ಕೊಯ್ಯಬಹುದು, ಬೆಂಕಿ ಹಚ್ಚಿದರೆ ಉರಿಯುತ್ತದೆ. ಈಗ ಮರವೇ ಬೆಳೆಯದ ಜಾಗ ಅದು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನಿಲ್ಲದ ನಾಡಿನಲ್ಲೂ ಆಗ ದಟ್ಟ ಕಾಡು ನಿಲ್ಲುವಷ್ಟು ಬೆಚ್ಚಗಿತ್ತು.

ಹಂತ 6: ಇದ್ದಿಲು, ಎಲೆ, ಪರಾಗ

ಕಾಂಡ ಮಾತ್ರ ಹುಡುಕುವವರು ಒಳ್ಳೆಯ ಸುದ್ದಿ ಕಳೆದುಕೊಳ್ಳುತ್ತಾರೆ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಸಿಕ್ಕ ಪೈನಸ್ ಮುಂಡೈ ಅನ್ನುವ ಪೈನ್ 13.3 ರಿಂದ 14 ಕೋಟಿ ವರ್ಷ ಹಳೆಯದು, ಇದುವರೆಗೆ ತಿಳಿದ ಅತಿ ಹಳೆಯ ಪೈನ್‌ಗಳಲ್ಲಿ ಒಂದು. 2016ರಲ್ಲಿ ವರದಿಯಾಯಿತು. ಸಿಕ್ಕದ್ದು ಕೆಲವೇ ಮಿಲಿಮೀಟರ್ ಉದ್ದದ ಸುಟ್ಟ ಕಡ್ಡಿಗಳು. ಇದ್ದಿಲಾದ ಕಾರಣ ಒಳಗಿನ ರಚನೆ ಹಾಗೇ ಉಳಿದಿತ್ತು, ರಾಳದ ನಾಳ ಕೂಡ. ಅಂದರೆ ಪೈನ್‌ಗಳು ಶುರುವಿನಿಂದಲೇ ಬೆಂಕಿ ಬೀಳುವ ಕಾಡುಗಳಲ್ಲಿ ಬಾಳಿವೆ. ಇವತ್ತಿನ ಹಿಮಾಲಯದ ಚೀರ್ ಪೈನ್‌ನ ದಪ್ಪ ತೊಗಟೆ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸದು. ಕೆಸರುಕಲ್ಲಿನಲ್ಲಿ ಸಣ್ಣ ಕರಿ ಚೂರು ಕಂಡರೆ ಊದಿ ಬಿಡಬೇಡಿ. ರೇಷ್ಮೆಯ ಹೊಳಪಿದ್ದು, ಬೆರಳಿಗೆ ಮಸಿ ಹತ್ತಿದರೆ ಅದು ಬಹುಶಃ ಇದ್ದಿಲು.

ಪೈನ್ ಎಲೆಯ ಸೂಜಿಗಳು ಗೊಂಚಲಾಗಿರುತ್ತವೆ, ಚೀರ್‌ಗೆ ಮೂರು, ನೀಲಿ ಪೈನ್‌ಗೆ ಐದು. ಪಳೆಯುಳಿಕೆಯಲ್ಲಿ ಗೊಂಚಲು ಬಿಡಿಸದೆ ಎಣಿಸಿ. ಎಲೆಯ ಮೇಲಿನ ಉಸಿರಾಟದ ರಂಧ್ರಗಳು ಉದ್ದಕ್ಕೆ ಸಾಲಾಗಿರುತ್ತವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದಾಗ ಬಹಳಷ್ಟು ಗಿಡಗಳು ರಂಧ್ರ ಕಡಿಮೆ ಮಾಡಿಕೊಳ್ಳುತ್ತವೆ, ಹಾಗಾಗಿ ಹಳೆಯ ಗಾಳಿಯ ಅಂದಾಜಿಗೆ ತಜ್ಞರು ಅವನ್ನು ಎಣಿಸುತ್ತಾರೆ.

ಪರಾಗದ ವಿಷಯದಲ್ಲಿ ಎಚ್ಚರ. ಪೈನ್ ಪರಾಗಕ್ಕೆ ಎರಡು ಗಾಳಿಚೀಲ ಇರುತ್ತವೆ, ನೂರಾರು ಕಿಲೋಮೀಟರ್ ಹಾರುತ್ತದೆ. ಕೆಸರಲ್ಲಿ ನಾಲ್ಕು ಪೈನ್ ಪರಾಗ ಕಂಡಮಾತ್ರಕ್ಕೆ ಅಲ್ಲಿ ಪೈನ್ ಕಾಡಿತ್ತು ಅನ್ನಲಾಗದು. ಎಲೆ, ಕಾಯಿ, ಕಟ್ಟಿಗೆ ಯಾವುದಾದರೂ ಜೊತೆಗೆ ಬೇಕು.

ಹಂತ 7: ವಯಸ್ಸು

ಕಲ್ಲಾದ ಮರಕ್ಕೆ ಕಾರ್ಬನ್ ಡೇಟಿಂಗ್ ಮಾಡಿಸ್ತೀನಿ ಅನ್ನುವವರಿಗೆ: ಆ ವಿಧಾನ ಸುಮಾರು 50,000 ವರ್ಷದವರೆಗೆ ಮಾತ್ರ. ಕೋಟಿ ವರ್ಷದ ಮರಕ್ಕೆ ಅದು ನಡೆಯುವುದಿಲ್ಲ. ಮರದ ಮೇಲೆ, ಕೆಳಗೆ ಇರುವ ಲಾವಾ ಅಥವಾ ಬೂದಿಯ ಪದರದ ವಯಸ್ಸು ತೆಗೆದು, ಮರ ಅವೆರಡರ ನಡುವಿನದ್ದು ಅಂತ ತೀರ್ಮಾನಿಸುತ್ತಾರೆ. ಆದ್ದರಿಂದ ಯಾವ ಪದರದಲ್ಲಿ ಸಿಕ್ಕಿತು ಅನ್ನುವ ಮಾಹಿತಿ ಇಲ್ಲದ ಮರ ಅರ್ಧ ಮೂಕ. ಕಲ್ಲಾದ ಮರವನ್ನು ಹೊಳಪು ಕೊಟ್ಟು ಟೀಪಾಯಿ ಮಾಡಿ ಮಾರುವುದನ್ನು ನೋಡಿದಾಗ ನನಗೆ ಸಂಕಟವಾಗುವುದು ಇದಕ್ಕೇ. ಕಲ್ಲು ಉಳಿಯಿತು, ಊರು ಅಳಿಸಿಹೋಯಿತು.

ಹಂತ 8: ನಿಜವಾಗಿ ಸಿಕ್ಕರೆ ಏನು ಮಾಡಬೇಕು

ಕೀಳಬೇಡಿ. ಸಾತನೂರು, ತಿರುವಕ್ಕರೈ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು, ಘುಘುವಾ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಚೂರೂ ತರುವಂತಿಲ್ಲ. ಬೇರೆ ಕಡೆಯೂ ಜಮೀನಿನ ಮಾಲೀಕರನ್ನೋ ಅರಣ್ಯ ಇಲಾಖೆಯನ್ನೋ ಕೇಳದೆ ಮುಟ್ಟಬೇಡಿ. ಮೊದಲು ದೂರದಿಂದ ಒಂದು ಫೋಟೋ, ಪದರಗಳು ಕಾಣುವಂತೆ. ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೂರು ಮುಖದ್ದೂ. ಫೋನಿನ ಜಿಪಿಎಸ್ ಅಂಕಿ ಬರೆದುಕೊಳ್ಳಿ. ಕಾಂಡದ ದಿಕ್ಕು, ಕೆಳಗಿನ ಮೇಲಿನ ಕಲ್ಲಿನ ಬಣ್ಣ, ಕಣದ ಗಾತ್ರ ಬರೆಯಿರಿ. ಉದುರಿ ಬಿದ್ದ ಚೂರು ತೆಗೆದುಕೊಳ್ಳಲು ಅನುಮತಿ ಸಿಕ್ಕರೆ ಪ್ರತಿ ಚೂರಿಗೂ ಸಂಖ್ಯೆ ಕೊಟ್ಟು ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಯಾವ ಕಡೆ ಮೇಲಿತ್ತು ಅಂತ ಬಾಣದ ಗುರುತು ಹಾಕಿ.

ಪುಣೆಯಲ್ಲಿ ತೋರಿಸಲು ಜಾಗ ಇದೆ. ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲಿ ಪಳೆಯುಳಿಕೆಗಳ ಅಧ್ಯಯನ ನಡೆಯುತ್ತದೆ, ಫರ್ಗ್ಯುಸನ್ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದೆ. ಇದ್ದಿಲು, ಹಳೆಯ ಕಾಳುಗಳಂಥ ಕಡಿಮೆ ವಯಸ್ಸಿನ ಉಳಿಕೆಗಳಿಗೆ ಡೆಕ್ಕನ್ ಕಾಲೇಜು. ಮೊದಲು ಫೋಟೋ, ಟಿಪ್ಪಣಿ ಕಳಿಸಿ, ಅವರು ಕರೆದರೆ ಚೂರು ತೆಗೆದುಕೊಂಡು ಹೋಗಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಕಷ್ಟವಾದರೆ ಟಿಪ್ಪಣಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ, ಅನುವಾದ ಆಮೇಲೆ ಮಾಡಿಸಬಹುದು. ಜಾಗದಲ್ಲೇ ನಿಂತು ಬರೆಯುವುದು ಮುಖ್ಯ.

ಮಹಾರಾಷ್ಟ್ರದೊಳಗೇ ಕಲ್ಲಾದ ಮರ ನೋಡಬೇಕು ಅನ್ನುವವರಿಗೆ ಗಡಚಿರೋಲಿ ಜಿಲ್ಲೆಯ ಸಿರೋಂಚಾ ತಾಲ್ಲೂಕಿನ ವಡಧಮ್ ಪಳೆಯುಳಿಕೆ ಉದ್ಯಾನ ಇದೆ, ಅಲ್ಲಿ ಡೈನೋಸಾರ್ ಜೊತೆ ಮರಗಳೂ ಸಿಕ್ಕಿವೆ. ಪುಣೆಯಿಂದ ರಾಜ್ಯದ ಇನ್ನೊಂದು ತುದಿ, ಒಂದೇ ದಿನದಲ್ಲಿ ಹೋಗಿ ಬರುವ ಮಾತಲ್ಲ. ಮಳೆಗಾಲ ಬಿಟ್ಟು ಹೋಗಿ, ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಭೂತಗನ್ನಡಿಯ ಜೊತೆ ಒಂದು ಬಾಟಲಿ ನೀರು ಜಾಸ್ತಿ ಇಟ್ಟುಕೊಳ್ಳಿ. ಕಲ್ಲಿನ ಮುಖ ಒದ್ದೆಯಾದರೇ ಉಂಗುರ ಕಾಣುವುದು.